ಟ್ರ್ಯಾಕ್‌ಪ್ಯಾಡ್ ಕಂಟ್ರೋಲರ್‌ನಲ್ಲಿ ಸ್ಟ್ರೀಟ್ ಫೈಟರ್ ಆಡುವವರು ಯಾರಾದರೂ ಇದ್ದೀರಾ? ಹೆಬ್ಬೆರಳು ಕೈಕೊಟ್ಟಿದೆ

ಮಾಟುಂಗಾ ಮಾಣಿ (ಮುಂಬೈ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಓದಿ.

ದೀಪಾವಳಿ ಹೊತ್ತಿಗೆ ನನ್ನ ಎಡ ಹೆಬ್ಬೆರಳಿನ ಬುಡ ನೋಯಲು ಶುರುವಾಯಿತು. ಮೊದಮೊದಲು ಆಟ ಮುಗಿಸಿದ ಮೇಲೆ ಮಾತ್ರ ನೋಯುತ್ತಿತ್ತು. ಆಮೇಲೆ ಬೆಳಿಗ್ಗೆ ಕಾಫಿ ಲೋಟ ಎತ್ತುವಾಗಲೂ ಚುಳುಕ್ ಎನ್ನತೊಡಗಿತು. ಲೋಕಲ್‌ನಲ್ಲಿ ಮೇಲಿನ ಹಿಡಿಕೆ ಹಿಡಿಯಲು ಬಲಗೈಯೇ ಬೇಕಾಯಿತು. ಡಾಕ್ಟರು ಕೈ ತಿರುಗಿಸಿ ನೋಡಿ, ಏನು ಕೆಲಸ ಎಂದು ಕೇಳಿದರು. ಅಕೌಂಟ್ಸ್ ಎಂದೆ. ರಾತ್ರಿ ಎರಡು ತಾಸು ಸ್ಟ್ರೀಟ್ ಫೈಟರ್ 6, ಅಂದರೆ ಇಬ್ಬರು ಗುದ್ದಾಡುವ ವಿಡಿಯೋ ಗೇಮ್, ಎಂದೂ ಹೇಳಿದೆ. ಹೆಬ್ಬೆರಳಿಗೆ ಪಟ್ಟಿ ಕಟ್ಟಿ, ಗಟ್ಟಿಯಾಗಿ ಒತ್ತುವ ಕೆಲಸ ಸದ್ಯಕ್ಕೆ ಬೇಡ ಎಂದರು. ಆರು ವಾರ ಮುಟ್ಟಲಿಲ್ಲ. ನೋವು ಇಳಿಯಿತು. ಮತ್ತೆ ಮಾಮೂಲಿ ಕಂಟ್ರೋಲರ್ ಪ್ಯಾಡ್ ಹಿಡಿದ ಮೂರನೇ ದಿನಕ್ಕೆ ವಾಪಸ್ ಬಂತು.

ಆಗ ಕಪಾಟಿನಲ್ಲಿದ್ದ ಸ್ಟೀಮ್ ಕಂಟ್ರೋಲರ್ ನೆನಪಾಯಿತು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಸ್ಟೀಮ್ ಎಂಬ ಪಿಸಿ ಗೇಮ್ ಅಂಗಡಿ ನಡೆಸುವ ವಾಲ್ವ್ ಕಂಪನಿ 2015ರ ನವೆಂಬರ್‌ನಲ್ಲಿ ತಂದದ್ದು, ಆಗಿನ ಬೆಲೆ 50 ಡಾಲರ್. 2019ರಲ್ಲಿ ನಿಲ್ಲಿಸುವಾಗ ಉಳಿದದ್ದನ್ನು 5 ಡಾಲರಿಗೆ ಕೊಟ್ಟರು. ನ್ಯೂಜೆರ್ಸಿಯಲ್ಲಿರುವ ಭಾವ ಆಗ ಎರಡು ಕೊಂಡು ನನಗೊಂದು ತಂದುಕೊಟ್ಟಿದ್ದರು. ಅದರ ಮೇಲೆ ಲ್ಯಾಪ್‌ಟಾಪಿನಲ್ಲಿರುವಂಥ ಎರಡು ದುಂಡಗಿನ ಟ್ರ್ಯಾಕ್‌ಪ್ಯಾಡ್ ಇವೆ, ಚಿಕ್ಕ ತಟ್ಟೆಯ ಹಾಗೆ ನಡುವೆ ತಗ್ಗು. ಎಡಗಡೆಯದರ ಮೇಲೆ ಪ್ಲಸ್ ಗುರುತಿನ ಗೀರು ಇದೆ. ಬೇರೆ ಡಿ-ಪ್ಯಾಡ್ (ದಿಕ್ಕು ಒತ್ತುವ ಪ್ಲಸ್ ಆಕಾರದ ಬಟನ್) ಇಲ್ಲವೇ ಇಲ್ಲ. ಒಂದು ಸ್ಟಿಕ್, ನಾಲ್ಕು ಬಟನ್, ಹಿಂದೆ ಬೆರಳಿನಿಂದ ಅದುಮುವ ಎರಡು ಪ್ಯಾಡಲ್. ಎರಡು ಪೆನ್ಸಿಲ್ ಸೆಲ್ ಹಾಕಬೇಕು.

ಒತ್ತುವ ಬದಲು ಉಜ್ಜಿದರೆ ನೋವು ಬರಲಿಕ್ಕಿಲ್ಲ ಎಂದುಕೊಂಡೆ. ನಾಲ್ಕು ದಿನದಿಂದ ಆಡುತ್ತಿದ್ದೇನೆ. ಆಟದಲ್ಲಿ ನನ್ನ ಪಾತ್ರ ರ್‍ಯು. ಹಡೋಕೆನ್ (ಕೈಯಿಂದ ಎಸೆಯುವ ಶಕ್ತಿಯ ಉಂಡೆ) ಹಾಕಲು ಹೋದರೆ ಹಾರಿಬಿಡುತ್ತಾನೆ. ಹಾರಿದವನನ್ನು ಎದುರಿನವನು ಹೊಡೆದು ಕೆಡವುತ್ತಾನೆ. ಕೂತು ಬ್ಲಾಕ್ ಮಾಡುತ್ತಿರುವಾಗ, ಅಂದರೆ ಏಟು ತಡೆಯುತ್ತಿರುವಾಗ, ಬೆರಳು ಎಲ್ಲಿದೆ ಎಂದೇ ಗೊತ್ತಾಗುವುದಿಲ್ಲ. ಮುಂದಕ್ಕೆ ಡ್ಯಾಶ್, ಅಂದರೆ ಚಟಕ್ಕನೆ ನುಗ್ಗುವುದು, ಹತ್ತರಲ್ಲಿ ಎರಡು ಸಲ ಬಂದರೆ ಹೆಚ್ಚು. ನೋವು ಕೂಡ ಪೂರ್ತಿ ಹೋಗಿಲ್ಲ.

ಈ ಆಟವನ್ನು ಬಿಡುವ ಮನಸ್ಸಿಲ್ಲ. ಇದನ್ನು ಸರಿ ಮಾಡಿಕೊಂಡವರು ಯಾರಾದರೂ ಇದ್ದರೆ ದಾರಿ ತೋರಿಸಿ.

ಹಿಂಜವಡಿ ಧಾರವಾಡಿ (ಪುಣೆ)

ಅಣ್ಣಾರ, ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಲಿವರ್‌ಲೆಸ್ (ಲಿವರ್, ಅಂದರೆ ಹಿಡಿದು ಆಡಿಸುವ ಕೋಲು, ಇಲ್ಲದ ಕಂಟ್ರೋಲರ್) ತೆಗೆದುಕೊಳ್ಳಿ. ಡಬ್ಬಿಯ ಮೇಲೆ ಬರೀ ಬಟನ್ ಇರುತ್ತವೆ. ಎಡ, ಕೆಳಗೆ, ಬಲ ಈ ಮೂರಕ್ಕೆ ಮೂರು ಬೆರಳು. ಹಾರಲು ಮಾತ್ರ ಹೆಬ್ಬೆರಳು, ಅದೂ ಮೆಲ್ಲಗೆ ತಟ್ಟಿದರೆ ಸಾಕು. ನಾನು ಎರಡು ವರ್ಷದಿಂದ ಅದರಲ್ಲೇ ಆಡುತ್ತಿದ್ದೇನೆ.

ಟ್ರ್ಯಾಕ್‌ಪ್ಯಾಡ್‌ನ ಮೂಲ ತೊಂದರೆ ಏನು ಗೊತ್ತಾ? ಫೈಟಿಂಗ್ ಆಟಕ್ಕೆ ದಿಕ್ಕು ಎಷ್ಟು ಮುಖ್ಯವೋ, ದಿಕ್ಕು ಇಲ್ಲದಿರುವುದೂ ಅಷ್ಟೇ ಮುಖ್ಯ. ದಿಕ್ಕುಗಳನ್ನು ನಾವು ಕೀಬೋರ್ಡಿನ ನಂಬರ್ ಪ್ಯಾಡ್ ಲೆಕ್ಕದಲ್ಲಿ ಹೇಳುತ್ತೇವೆ: 8 ಮೇಲೆ, 2 ಕೆಳಗೆ, 4 ಎಡ, 6 ಬಲ, 1, 3, 7, 9 ಮೂಲೆಗಳು. ದಿಕ್ಕು ಇಲ್ಲದಿರುವುದು 5, ಅಂದರೆ ನಡು. ಡಿ-ಪ್ಯಾಡ್ ಬಿಟ್ಟರೆ ತಾನಾಗಿ ನಡುವಿಗೆ ಬರುತ್ತದೆ. ಲಿವರ್ ಸ್ಪ್ರಿಂಗ್‌ನಿಂದ ನಡುವಿಗೆ ಬರುತ್ತದೆ. ಟ್ರ್ಯಾಕ್‌ಪ್ಯಾಡ್‌ಗೆ ಸ್ಪ್ರಿಂಗ್ ಇಲ್ಲ. ನಿಮ್ಮ ಬೆರಳೇ ನಡುವನ್ನು ಹುಡುಕಬೇಕು. ಆಟ ಸೆಕೆಂಡಿಗೆ 60 ಫ್ರೇಮ್ (ಚಿತ್ರ) ಓಡುತ್ತದೆ, ಒಂದು ಫ್ರೇಮ್ ಅಂದರೆ ಹೆಚ್ಚುಕಡಿಮೆ 16.67 ಮಿಲಿಸೆಕೆಂಡ್. ಅಷ್ಟರಲ್ಲಿ ಹುಡುಕುವುದು ಹೇಗೆ?

ನಮ್ಮ ಪುಣೆಯ ತಾಪ್ಕೀರ್ ಗಲ್ಲಿಯಲ್ಲಿ ಬಟನ್, ವೈರ್ ಎಲ್ಲ ಸಿಗುತ್ತದೆ. ಬೇಕಾದರೆ ನಾನೇ ಒಂದು ಡಬ್ಬಿ ಮಾಡಿಸಿಕೊಡುತ್ತೇನೆ. ಮನಸಾರೆ ಹೇಳುತ್ತಿದ್ದೇನೆ.

ಮಾಟುಂಗಾ ಮಾಣಿ

ತುಂಬಾ ಥ್ಯಾಂಕ್ಸ್ ರೀ. ಡಬ್ಬಿಯ ಆಸೆ ನನಗೂ ಇದೆ. ಆದರೆ ಮನೆ ಒಂದು ರೂಮು, ಒಂದು ಅಡುಗೆಮನೆ. ಆಡುವುದು ಮಂಚದ ಮೇಲೆ ಒರಗಿಕೊಂಡು, ಮಗು ಮಲಗಿದ ಮೇಲೆ. ಬಟನ್ ಸದ್ದಿಗೆ ಅವಳು ಏಳುತ್ತಾಳೆ. ಟ್ರ್ಯಾಕ್‌ಪ್ಯಾಡ್‌ಗೆ ಅಷ್ಟು ಸದ್ದಿಲ್ಲ, ಅದೂ ಒಂದು ಕಾರಣ.

ಮತ್ತೊಂದು ಮಾತು. ಹಡೋಕೆನ್‌ಗೆ ಕೆಳಗಿನಿಂದ ಬಲಕ್ಕೆ ಕಾಲು ಭಾಗದ ಸುತ್ತು ತಿರುಗಿಸುತ್ತೇವಲ್ಲ, ಆ ತಿರುಗಿಸುವುದೇ ನನಗೆ ಇಷ್ಟ. ಬಟನ್ ಒಂದರ ಮೇಲೊಂದು ಒತ್ತಿ ಅದನ್ನು ಮಾಡುವುದು ಬೇರೆ ಅನುಭವ. ಉಜ್ಜಿ ಬರೆಯುವುದರಲ್ಲಿ ಒಂದು ಖುಷಿ ಇದೆ. ಚಿಕ್ಕಂದಿನಲ್ಲಿ ಅಜ್ಜಿ ಅಕ್ಕಿ ಹರಡಿದ ತಟ್ಟೆಯಲ್ಲಿ ಬೆರಳಿನಿಂದ ಅಕ್ಷರ ತಿದ್ದಿಸಿದ್ದರು. ಅದೇ ನೆನಪಾಗುತ್ತದೆ.

ಡೊಂಬಿವಲಿ ಮಾಮ (ಮುಂಬೈ)

ನಾನು ಲಿವರ್‌ನವನು. ವಯಸ್ಸು 46. ಸ್ಟೇಷನ್ ಪಕ್ಕದ ವಿಡಿಯೋ ಗೇಮ್ ಪಾರ್ಲರ್‌ನಲ್ಲಿ ಒಂದು ರೂಪಾಯಿ ನಾಣ್ಯ ಹಾಕಿ ಕಿಂಗ್ ಆಫ್ ಫೈಟರ್ಸ್ 97 ಆಡಿ ಬೆಳೆದವನು. ಅಲ್ಲಿನ ಲಿವರ್ ಎಷ್ಟು ಸವೆದಿತ್ತೆಂದರೆ ಬಲಗಡೆ ವಾಲಿಕೊಂಡೇ ಇರುತ್ತಿತ್ತು. ಆ ವಾಲನ್ನು ಲೆಕ್ಕಕ್ಕೆ ತೆಗೆದುಕೊಂಡೇ ನಾವು ಆಡುತ್ತಿದ್ದೆವು. ಊರಿನ ಬೇರೆ ಪಾರ್ಲರ್‌ಗೆ ಹೋದರೆ ನೆಟ್ಟಗಿನ ಲಿವರ್‌ನಲ್ಲಿ ಸೋಲುತ್ತಿದ್ದೆವು. ಕೈ ಯಾವುದಕ್ಕೂ ಒಗ್ಗುತ್ತದೆ ಮಾರಾಯ್ರೆ, ಟೈಮ್ ಕೊಡಬೇಕು ಅಷ್ಟೆ.

ವಿಚಿತ್ರ ಕಂಟ್ರೋಲರ್ ಎಂದು ಯಾರಾದರೂ ನಕ್ಕರೆ ಈ ಸಂಗತಿ ಹೇಳಿ. 1987ರಲ್ಲಿ ಮೊಟ್ಟಮೊದಲ ಸ್ಟ್ರೀಟ್ ಫೈಟರ್ ಬಂದಾಗ ದೊಡ್ಡ ಯಂತ್ರದಲ್ಲಿ ಆರು ಬಟನ್ ಇರಲಿಲ್ಲ. ಗುದ್ದಲು ಒಂದು, ಒದೆಯಲು ಒಂದು, ಎರಡು ದಪ್ಪ ರಬ್ಬರ್ ಪ್ಯಾಡ್ ಇದ್ದವು. ಎಷ್ಟು ಜೋರಾಗಿ ಹೊಡೆಯುತ್ತೀರೋ ಪರದೆಯ ಮೇಲೂ ಅಷ್ಟು ಜೋರಿನ ಏಟು. ಆ ಪ್ಯಾಡ್ ನಿಲ್ಲಲಿಲ್ಲ, ಅದರ ಮೂರು ಹಂತದ ಜೋರೇ ಮೂರು ಗುದ್ದು ಮೂರು ಒದೆತದ ಬಟನ್ ಆಯಿತು. ಇವತ್ತು ನಾವೆಲ್ಲ ಸರಿಯಾದದ್ದು ಎಂದುಕೊಂಡಿರುವ ಆರು ಬಟನ್ನಿನ ಮೂಲ ಅಂಥ ಒಂದು ಪ್ರಯೋಗ.

2014ರಲ್ಲಿ ಫೈಟಿಂಗ್ ಆಟಗಳ ದೊಡ್ಡ ಟೂರ್ನಿ ಇವೊದಲ್ಲಿ ಫ್ರಾನ್ಸಿನ ಲೂಫಿ ಗೆದ್ದದ್ದು ಮೊದಲ ಪ್ಲೇಸ್ಟೇಷನ್ನಿನ ಹಳೇ ಪ್ಯಾಡ್ ಹಿಡಿದು. ಅಮೆರಿಕದ ಮೈಕ್ ಬೇಗಮ್, ಆಟದವರಿಗೆ ಬ್ರೋಲಿಲೆಗ್ಸ್, ಕೈಕಾಲು ಆಡದ ಸ್ಥಿತಿಯಲ್ಲಿ ಹುಟ್ಟಿದವರು. ಬಾಯಿಯಿಂದ, ಮುಖದಿಂದ ಪ್ಯಾಡ್ ಒತ್ತಿ ಚುನ್ ಲೀ ಪಾತ್ರ ಆಡುತ್ತಿದ್ದರು. ದೊಡ್ಡ ದೊಡ್ಡ ಟೂರ್ನಿಗಳಲ್ಲಿ ಎದುರಾಳಿಗಳನ್ನು ಮಣಿಸಿದವರು. 2024ರಲ್ಲಿ ತೀರಿಕೊಂಡರು. ಅವರ ಆಟದ ವಿಡಿಯೋ ನೋಡಿ. ನಾನು ಎಷ್ಟೋ ಸಲ ನೋಡಿದ್ದೇನೆ.

ನಿಮ್ಮ ಸೆಟ್ಟಿಂಗ್ ಬಗ್ಗೆ ನನಗೆ ಏನೂ ಗೊತ್ತಿಲ್ಲ. ಗೊತ್ತಿದ್ದವರು ಬರಲಿ.

ವಾಸ್ಕೋ ಹುಡುಗ (ಗೋವಾ)

ಅಣ್ಣ, ನನ್ನ ಹತ್ತಿರ ಸ್ಟೀಮ್ ಡೆಕ್ (ವಾಲ್ವ್‌ನವರದೇ, ಕೈಯಲ್ಲಿ ಹಿಡಿದು ಆಡುವ ಯಂತ್ರ) ಇದೆ, ಹಡಗಿನಲ್ಲಿ ಕೆಲಸ ಮಾಡುವ ಗೆಳೆಯ ತಂದದ್ದು. ಅದರಲ್ಲೂ ಎರಡು ಟ್ರ್ಯಾಕ್‌ಪ್ಯಾಡ್ ಇವೆ, ಚೌಕದ್ದು. ಅದರಲ್ಲಿ ಗಿಲ್ಟಿ ಗಿಯರ್ ಸ್ಟ್ರೈವ್ ಎಂಬ ಫೈಟಿಂಗ್ ಆಟ ಆಡುತ್ತೇನೆ. ನಿಮ್ಮ ನಾಲ್ಕೂ ತೊಂದರೆ ನನಗೂ ಬಂದಿತ್ತು. ಮೊದಲು ಒಂದು ಪ್ರಶ್ನೆ. ಎಡ ಪ್ಯಾಡ್‌ನ ಸೆಟ್ಟಿಂಗ್‌ನಲ್ಲಿ ‘ರಿಕ್ವೈರ್ಸ್ ಕ್ಲಿಕ್’ ಆನ್ ಇದೆಯಾ?

ಮಾಟುಂಗಾ ಮಾಣಿ

ಈಗ ನೋಡಿದೆ. ಆನ್ ಇದೆ!

ವಾಸ್ಕೋ ಹುಡುಗ

ಅದೇ ನೋಡಿ. ಅದು ಆನ್ ಇದ್ದರೆ ಪ್ಯಾಡನ್ನು ಕಟ್ ಎಂದು ಒತ್ತಿದಾಗ ಮಾತ್ರ ದಿಕ್ಕು ಹೋಗುತ್ತದೆ. ನೀವು ಉಜ್ಜುತ್ತಿದ್ದೀರಿ ಎಂದುಕೊಂಡಿದ್ದೀರಿ, ನಿಜವಾಗಿ ಇಡೀ ತಟ್ಟೆಯನ್ನೇ ಅದುಮುತ್ತಿದ್ದೀರಿ. ನೋವು ಹೋಗದಿರುವುದಕ್ಕೆ ಅದೇ ಕಾರಣ ಇರಬಹುದು. ಮೊದಲು ಅದನ್ನು ಆಫ್ ಮಾಡಿ. ಆಮೇಲೆ ಬೆರಳು ತಾಗಿದರೆ ಸಾಕು.

ಪ್ಯಾಡನ್ನು ‘ಡೈರೆಕ್ಷನಲ್ ಪ್ಯಾಡ್’ ಮೋಡ್‌ನಲ್ಲಿಡಿ, ಎಂಟು ದಿಕ್ಕಿನ ಲೇಔಟ್ ಆರಿಸಿ. ಅಲ್ಲಿ ಡೆಡ್ ಜೋನ್ ಎಂದು ಒಂದು ಪಟ್ಟಿ ಇದೆ. ನಡುವಿನ ಎಷ್ಟು ಜಾಗ ಸುಮ್ಮನಿರಬೇಕು ಎಂಬ ಲೆಕ್ಕ ಅದು. ಓವರ್‌ಲ್ಯಾಪ್ ಎಂದು ಇನ್ನೊಂದು. ಮೂಲೆಯ ದಿಕ್ಕುಗಳಿಗೆ, ಅಂದರೆ 1, 3, 7, 9ಕ್ಕೆ, ಎಷ್ಟು ಜಾಗ ಎಂಬುದು ಅದರಲ್ಲಿ. ಓವರ್‌ಲ್ಯಾಪ್ ಕಮ್ಮಿ ಇದ್ದರೆ 236ರಲ್ಲಿ, ಅಂದರೆ ಹಡೋಕೆನ್‌ನ ಕೆಳಗೆ, ಮೂಲೆ, ಬಲದಲ್ಲಿ, 3 ಸಿಗುವುದೇ ಇಲ್ಲ, ಕೆಳಗಿನಿಂದ ಸೀದಾ ಬಲಕ್ಕೆ ಜಿಗಿಯುತ್ತದೆ. ಟ್ರೇನಿಂಗ್ ಮೋಡ್‌ನಲ್ಲಿ ಇನ್‌ಪುಟ್ ಪಟ್ಟಿ ತೆರೆದುಕೊಂಡು ಒಂದೊಂದನ್ನೇ ಬದಲಿಸಿ ನೋಡಿ. ಯಾವ ಬಾಣ ಎಷ್ಟು ಫ್ರೇಮ್ ಇತ್ತು ಎಂದು ಸ್ಟ್ರೀಟ್ ಫೈಟರ್ 6 ಅಲ್ಲೇ ತೋರಿಸುತ್ತದೆ.

ಹ್ಯಾಪ್ಟಿಕ್ಸ್ ಆಫ್ ಮಾಡಬೇಡಿ. ದಿಕ್ಕಿನ ಗಡಿ ದಾಟಿದಾಗ ಬೆರಳಿಗೆ ಸಣ್ಣ ಟಿಕ್ ಬರುತ್ತದಲ್ಲ, ಅದೇ ನಮ್ಮ ದಾರಿ. ಹಡೋಕೆನ್ ಸರಿಯಾಗಿ ಬಂದರೆ ಟಿಕ್ ಟಿಕ್ ಟಿಕ್ ಎಂದು ಮೂರು ಸಲ. ನಾಲ್ಕನೆಯದು ಬಂತು ಅಂದರೆ 9ಕ್ಕೆ ಹೋಗಿಬಿಟ್ಟಿರಿ, ಹಾರುತ್ತೀರಿ.

ಡ್ಯಾಶ್‌ಗೆ ಉಜ್ಜಬೇಡಿ. ಬೆರಳು ಎತ್ತಿ ಬಲಗಡೆ ಎರಡು ಸಲ ತಟ್ಟಿ, ಫೋನಿನಲ್ಲಿ ಫೋಟೋ ದೊಡ್ಡದು ಮಾಡಲು ತಟ್ಟುತ್ತೇವಲ್ಲ, ಹಾಗೆ. ಧಾರವಾಡದ ಅಣ್ಣ ಹೇಳಿದ ನಡುವಿನ ಸಮಸ್ಯೆಗೂ ಇದೇ ಉತ್ತರ. ನಡುವನ್ನು ಹುಡುಕಬೇಡಿ, ಬೆರಳು ಎತ್ತಿಬಿಡಿ. ಎತ್ತಿದರೆ ಅದೇ 5. ಫೋನಿನ ಗನ್ ಆಟ ಬಿಜಿಎಂಐ ಆಡಿದ ಹುಡುಗರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ, ಸಪಾಟು ಗಾಜಿನ ಮೇಲೇ ಬೆರಳು ಪಳಗಿರುತ್ತದೆ.

ಬೆರಳು ಬೆವರುತ್ತಿದ್ದರೆ ಬಿಜಿಎಂಐನವರು ಹಾಕುವ ಹೆಬ್ಬೆರಳಿನ ಸ್ಲೀವ್ ತೆಗೆದುಕೊಳ್ಳಿ. ನಮ್ಮ ವಾಸ್ಕೋದಲ್ಲಿ ಮೇ ತಿಂಗಳಲ್ಲಿ ಅದಿಲ್ಲದೆ ಆಗುವುದೇ ಇಲ್ಲ. ಮುಂಬೈಯಲ್ಲೂ ಅದೇ ಕಥೆ ಅಲ್ವಾ?

ಠಾಣೆ ಫಿಸಿಯೋ (ಮುಂಬೈ)

ನಡುವೆ ಬರುತ್ತಿದ್ದೇನೆ. ನಾನು ಆಟದವಳಲ್ಲ, ನನ್ನ ಮಗ ಆಡುತ್ತಾನೆ. ಅವನು ತೋರಿಸಿದ್ದಕ್ಕೆ ಓದಿದೆ. ಫಿಸಿಯೋಥೆರಪಿ ನನ್ನ ಕೆಲಸ, ಆದ್ದರಿಂದ ಒಂದು ವಿಷಯ ಹೇಳಲೇಬೇಕು.

ಕೈ ನೋಡದೆ ರೋಗ ಹೇಳುವುದು ತಪ್ಪು. ಆದರೆ ಹೆಬ್ಬೆರಳಿನ ಬುಡ, ಲೋಟ ಎತ್ತುವಾಗ ಚುಳುಕು, ಮನೆಯಲ್ಲಿ ಚಿಕ್ಕ ಮಗು ಎಂದರೆ ನಾವು ಮೊದಲು ಯೋಚಿಸುವುದು ಡಿ ಕ್ವೆರ್ವೇನ್ ಎಂಬ ತೊಂದರೆಯನ್ನು. ಆ ಹೆಸರಿನ ಸ್ವಿಸ್ ಸರ್ಜನ್ 1895ರಲ್ಲಿ ಬರೆದದ್ದು. ಹೆಬ್ಬೆರಳನ್ನು ಹೊರಕ್ಕೆ ಎಳೆಯುವ ಎರಡು ಸ್ನಾಯುರಜ್ಜುಗಳು, ಅಂದರೆ ಹುರಿಗಳು, ಮಣಿಕಟ್ಟಿನ ಪಕ್ಕದಲ್ಲಿ ಒಂದು ಕಿರಿದಾದ ಕೊಳವೆಯೊಳಗೆ ಹಾದುಹೋಗುತ್ತವೆ. ಆ ಕೊಳವೆ ಊದಿ ದಪ್ಪವಾದರೆ ಹುರಿಗಳು ಉಜ್ಜಿಕೊಳ್ಳುತ್ತವೆ. ಮಗುವನ್ನು ಕಂಕುಳಲ್ಲಿ ಕೈಹಾಕಿ ಎತ್ತುವ ತಾಯಂದಿರಲ್ಲಿ ಇದು ತುಂಬಾ ಜಾಸ್ತಿ. ನೀವೂ ಮಗುವನ್ನು ಎತ್ತುತ್ತೀರಲ್ಲ?

ಈಗ ಮುಖ್ಯ ಮಾತು. ಒತ್ತುವುದನ್ನು ಬಿಟ್ಟು ಉಜ್ಜಿದರೆ ಆರಾಮ ಎಂದು ನೀವು ಅಂದುಕೊಂಡಿದ್ದೀರಿ. ಒತ್ತಡ ಕಮ್ಮಿಯಾಗುತ್ತದೆ, ಅದು ಒಳ್ಳೆಯದೇ. ಆದರೆ ಹೆಬ್ಬೆರಳನ್ನು ಅಗಲವಾಗಿ ಹೊರಕ್ಕೆ ಎಳೆಯುವ, ಮೇಲಕ್ಕೆ ಚಾಚುವ ಕೆಲಸವನ್ನು ಮಾಡುವುದು ಅದೇ ಎರಡು ಹುರಿಗಳು. ದೊಡ್ಡ ದೊಡ್ಡ ಸುತ್ತು ಹಾಕಿದರೆ ನೋವು ಜಾಸ್ತಿಯಾಗಬಹುದು. ಆದ್ದರಿಂದ ಸುತ್ತು ಸಣ್ಣದಿರಲಿ. ಹೆಬ್ಬೆರಳನ್ನು ಮೇಲಕ್ಕೆ ಚಾಚುವ ಚಲನೆ ಎಷ್ಟು ತಪ್ಪಿಸಬಹುದೋ ತಪ್ಪಿಸಿ. ಮಣಿಕಟ್ಟು ನೇರ ಇರಲಿ, ಕಿರುಬೆರಳ ಕಡೆಗೆ ಬಾಗಬಾರದು. ಮಂಚದಲ್ಲಿ ಒರಗಿ ಆಡುವುದಾದರೆ ಮೊಣಕೈ ಕೆಳಗೆ ದಿಂಬು ಇಡಿ. ಇಪ್ಪತ್ತು ನಿಮಿಷಕ್ಕೊಮ್ಮೆ ಕೈ ಬಿಡಿ. ನೋವು ಬಂದ ದಿನ ಆಟ ಬೇಡ. ಮತ್ತು ದಯವಿಟ್ಟು ಇನ್ನೊಮ್ಮೆ ಹೋಗಿ ಕೈ ತೋರಿಸಿ.

ಮಾಟುಂಗಾ ಮಾಣಿ

ಅಕ್ಕಾ, ನಿಮ್ಮ ಮಾತು ಓದಿ ನಿಜವಾಗಿ ಬೆಚ್ಚಿದೆ. ಹೌದು, ಮಗಳನ್ನು ದಿನಾ ಹಾಗೇ ಎತ್ತುತ್ತೇನೆ. ಡಾಕ್ಟರೂ ಆ ಉದ್ದ ಹೆಸರನ್ನೇ ಹೇಳಿದ್ದರು, ನನಗೆ ನೆನಪಿರಲಿಲ್ಲ. ಶನಿವಾರ ಮತ್ತೆ ಹೋಗಿ ತೋರಿಸುತ್ತೇನೆ. ‘ಸುತ್ತು ಸಣ್ಣದಿರಲಿ’ ಎಂಬುದನ್ನು ಚೀಟಿಯಲ್ಲಿ ಬರೆದು ಮಾನಿಟರ್‌ಗೆ ಅಂಟಿಸಿದ್ದೇನೆ.

ಮಾಟುಂಗಾ ಮಾಣಿ, ಎರಡು ವಾರದ ನಂತರ

ಎಲ್ಲರಿಗೂ ವರದಿ ಒಪ್ಪಿಸಬೇಕು.

ಡಾಕ್ಟರು ನೋಡಿದರು. ರಾತ್ರಿ ಪಟ್ಟಿ ಕಟ್ಟಿಕೊಂಡು ಮಲಗಲು ಹೇಳಿದರು, ಒಂದೆರಡು ವ್ಯಾಯಾಮ ಕೊಟ್ಟರು. ದಿನಕ್ಕೆ ಅರ್ಧ ಗಂಟೆ ಆಟಕ್ಕೆ ಒಪ್ಪಿಗೆ ಸಿಕ್ಕಿದೆ. ಮಗಳನ್ನು ಈಗ ಅಂಗೈ ಕೆಳಗೆ ಕೊಟ್ಟು ಎತ್ತುತ್ತೇನೆ.

ಆಟಕ್ಕೆ ಬರೋಣ. ಕ್ಲಿಕ್ ಆಫ್ ಮಾಡಿದ ದಿನವೇ ಬೇರೆ ಕಂಟ್ರೋಲರ್ ಹಿಡಿದ ಹಾಗಾಯಿತು. ಡ್ಯಾಶ್ ತಟ್ಟಿದ ಕೂಡಲೇ ಬರುತ್ತದೆ. ಡ್ರೈವ್ ರಶ್‌ಗೆ (ಅದು ಇನ್ನೂ ವೇಗವಾಗಿ ನುಗ್ಗುವುದು) ಪ್ಯಾರಿ, ಅಂದರೆ ಏಟು ತಡೆಯುವ ಬಟನ್, ಹಿಡಿದು ಎರಡು ಸಲ ತಟ್ಟಿದರೆ ಆಯಿತು. ಸುತ್ತು ಸಣ್ಣದು ಮಾಡಲು ಡೆಡ್ ಜೋನ್ ಇಳಿಸುತ್ತಾ ಹೋದೆ. ಈಗ ನನ್ನ ಇಡೀ ಹಡೋಕೆನ್ ಒಂದು ಎಂಟಾಣೆ ನಾಣ್ಯದಷ್ಟು ಜಾಗದಲ್ಲಿ ಮುಗಿಯುತ್ತದೆ. ಬೆರಳು ಹೊರಳುತ್ತದೆ ಅಷ್ಟೇ, ಜಾರುವುದಿಲ್ಲ.

ಆದರೆ ಸುತ್ತು ಸಣ್ಣದಾದಷ್ಟೂ ಗಡಿಗಳು ಹತ್ತಿರ ಬರುತ್ತವೆ. 6ರಲ್ಲಿ ನಿಲ್ಲಬೇಕಾದ ಬೆರಳು ಕೂದಲೆಳೆ ಮೇಲೆ ಹೋದರೂ 9. ರ್‍ಯು ಮತ್ತೆ ಹಾರತೊಡಗಿದ. ಐವತ್ತು ಹಡೋಕೆನ್ ಹಾಕಿ ಕೂತು ಎಣಿಸಿದರೆ ಏಳೆಂಟು ಸಲ ಹಾರಿಬಿಡುತ್ತಿದ್ದ. ಎರಡು ದಿನ ಇದೇ ತಲೆಬಿಸಿ.

ಆಮೇಲೆ ಧಾರವಾಡದವರ ಡಬ್ಬಿ ನೆನಪಾಯಿತು. ಅದರಲ್ಲಿ ಹಾರಲು ಬೇರೆಯೇ ಬಟನ್ ಇದೆ ಅಲ್ವಾ? ಫಿಸಿಯೋ ಅಕ್ಕ ಮೇಲಕ್ಕೆ ಚಾಚಬೇಡಿ ಎಂದದ್ದೂ ತಲೆಯಲ್ಲಿತ್ತು. ಎರಡೂ ಮಾತು ಒಂದೇ ಕಡೆ ಬಂದು ಸೇರಿದವು. ಟ್ರ್ಯಾಕ್‌ಪ್ಯಾಡ್‌ನಿಂದ ‘ಮೇಲೆ’ ಎಂಬ ದಿಕ್ಕನ್ನೇ ತೆಗೆದುಹಾಕಿದೆ. ಅಲ್ಲಿ ಏನೂ ಕೊಟ್ಟಿಲ್ಲ. ‘ಮೇಲೆ’ ಈಗ ಹಿಂಬದಿಯ ಪ್ಯಾಡಲ್‌ನಲ್ಲಿದೆ. ಹೆಬ್ಬೆರಳಿಗೆ ಉಳಿದದ್ದು ಎಡ, ಬಲ, ಕೆಳಗೆ ಮತ್ತು ಕೆಳಗಿನ ಎರಡು ಮೂಲೆ. ಬೆರಳು ಬಲಗಡೆ ಎಷ್ಟು ಮೇಲೆ ಜಾರಿದರೂ ಆಟಕ್ಕೆ ಹೋಗುವುದು 6 ಮಾತ್ರ. ಮುಂದಕ್ಕೆ ಹಾರಬೇಕೆಂದರೆ ಬಲಕ್ಕೆ ಇಟ್ಟು ಪ್ಯಾಡಲ್ ಒತ್ತಿದರೆ 9.

ಈ ಬದಲಾವಣೆ ಮಾಡಿದ ರಾತ್ರಿ ಒಂದೇ ಒಂದು ಸಲವೂ ತಪ್ಪಿ ಹಾರಲಿಲ್ಲ. ಶೋರ್‍ಯುಕೆನ್‌ನ (ಮೇಲಕ್ಕೆ ಹಾರಿ ಗುದ್ದುವ ಏಟು) 623 ಕೂಡ ಚೊಕ್ಕವಾಗಿ ಬರುತ್ತಿದೆ. ಬಲಕ್ಕೆ ಒಮ್ಮೆ ತಟ್ಟಿ, ಕೆಳಗೆ ಇಟ್ಟು, ಮೂಲೆಗೆ ಹೊರಳಿಸುವುದು.

‘ಮೇಲೆ’ಯನ್ನು ಮೊದಲು ಎಡ ಪ್ಯಾಡಲ್‌ಗೆ ಕೊಟ್ಟಿದ್ದೆ. ಗಾಬರಿಯಾದಾಗ ಎಡಗೈ ಬಿಗಿಯಾಗಿ, ಅದೇ ಒತ್ತಿಹೋಗುತ್ತಿತ್ತು. ಸೆಲ್ ಮುಚ್ಚಳವೇ ಪ್ಯಾಡಲ್ ಆಗಿರುವುದರಿಂದ ಮುಷ್ಟಿ ಬಿಗಿದರೆ ಸಾಕು, ಅದು ಒತ್ತುತ್ತದೆ. ಬಲ ಪ್ಯಾಡಲ್‌ಗೆ ಬದಲಾಯಿಸಿದ ಮೇಲೆ ಸರಿಹೋಯಿತು. ಇನ್ನೊಂದು, ಹೆವಿ ಕಿಕ್ಕನ್ನು (ಅತಿ ಜೋರಿನ ಒದೆತ) ಟ್ರಿಗರ್‌ಗೆ, ಅಂದರೆ ತೋರುಬೆರಳಿನಿಂದ ಎಳೆಯುವ ಬಟನ್ನಿಗೆ, ಕೊಟ್ಟಿದ್ದರೆ ಅದನ್ನು ಪೂರ್ತಿ ಎಳೆಯುವವರೆಗೆ ಕಾಯಿಸಬೇಡಿ. ಸ್ವಲ್ಪ ಎಳೆದ ಕೂಡಲೇ ಹೋಗುವ ಹಾಗೆ ಸಾಫ್ಟ್ ಪುಲ್‌ಗೆ ಕೊಡಿ. ಎದುರಿನವನ ಡ್ರೈವ್ ಇಂಪ್ಯಾಕ್ಟ್ (ಹೆವಿ ಗುದ್ದು, ಹೆವಿ ಕಿಕ್ ಒಟ್ಟಿಗೆ ಒತ್ತಿ ಹಾಕುವ ದೊಡ್ಡ ಏಟು) ಬರಲು 26 ಫ್ರೇಮ್ ಬೇಕು, ಅರ್ಧ ಸೆಕೆಂಡೂ ಇಲ್ಲ. ಅಷ್ಟರಲ್ಲಿ ನೋಡಿ ಅದೇ ಏಟಿನಿಂದ ಉತ್ತರ ಕೊಡಬೇಕಾದರೆ ಟ್ರಿಗರ್‌ನ ಉದ್ದ ಎಳೆತ ದುಬಾರಿಯಾಗುತ್ತದೆ.

ಹಿಂಜವಡಿ ಧಾರವಾಡಿ

ಭಾರಿ ಕೆಲಸ ಮಾಡಿದಿರಿ ಅಣ್ಣಾರ! ನಾನು ಡಬ್ಬಿ ತೆಗೆದುಕೊಳ್ಳಿ ಎಂದೆ, ನೀವು ಡಬ್ಬಿಯ ಒಳ್ಳೆಯ ಭಾಗವನ್ನಷ್ಟೇ ತೆಗೆದುಕೊಂಡಿರಿ. ಖುಷಿಯಾಯಿತು.

ಟೂರ್ನಿಗೆ ಬರುವ ಆಲೋಚನೆ ಇದ್ದರೆ ಎರಡು ಮಾತು. ಸ್ಟೀಮ್ ಇನ್‌ಪುಟ್‌ನಲ್ಲಿ, ಅಂದರೆ ನೀವು ಈ ಸೆಟ್ಟಿಂಗ್ ಮಾಡುವ ಕಡೆ, ಒಂದು ಬಟನ್ನಿಗೆ ಎರಡು ಮೂರು ಕೆಲಸ ಕಟ್ಟಬಹುದು. ಡ್ಯಾಶ್ ಅನ್ನು ಒಂದೇ ಪ್ಯಾಡಲ್‌ಗೆ ಕೊಡುವ ಆಸೆ ಯಾರಿಗಾದರೂ ಬರುತ್ತದೆ. ಅದು ಮ್ಯಾಕ್ರೋ ಆಗುತ್ತದೆ, ಟೂರ್ನಿಯಲ್ಲಿ ಒಪ್ಪುವುದಿಲ್ಲ. ನೀವು ಮಾಡಿರುವುದು ಹಾಗಲ್ಲ, ಒಂದು ಬಟನ್ನಿಗೆ ಒಂದೇ ದಿಕ್ಕು. ಇನ್ನೊಂದು, ವಿರುದ್ಧ ದಿಕ್ಕುಗಳು ಒಟ್ಟಿಗೆ ಒತ್ತಿದಾಗ ಏನಾಗಬೇಕು ಎಂಬ ನಿಯಮ. ಎಡ ಬಲ ಎರಡೂ ಒತ್ತಿದಾಗ ಕೊನೆಯದು ಗೆಲ್ಲುವ ಹಾಗಿರಬಾರದು ಎಂದು ಆಟದ ಕಂಪನಿ ಕ್ಯಾಪ್ಕಾಮ್ 2023ರಲ್ಲಿ ತನ್ನ ಟೂರ್ನಿಗಳಿಗೆ ಹೇಳಿತು. ನಿಮ್ಮಲ್ಲಿ ಒಂದೇ ಹೆಬ್ಬೆರಳು, ಎಡ ಬಲ ಒಟ್ಟಿಗೆ ಬರುವುದೇ ಇಲ್ಲ. ಆದರೆ ಮೇಲೆ ಕೆಳಗೆ ಒಟ್ಟಿಗೆ ಬರಬಹುದು. ಮೊದಲೇ ಕೇಳಿಕೊಳ್ಳಿ.

ಎಲ್ಲಕ್ಕಿಂತ ದೊಡ್ಡ ಅಡ್ಡಿ, ಟೂರ್ನಿಯ ಆಟ ಪ್ಲೇಸ್ಟೇಷನ್ 5ರಲ್ಲಿದ್ದರೆ ನಿಮ್ಮ ಕಂಟ್ರೋಲರ್ ಸೀದಾ ಓಡುವುದಿಲ್ಲ. ಪಿಸಿಯಲ್ಲಿ ಸ್ಟೀಮ್ ಮೂಲಕ ಮಾತ್ರ ಈ ಸೆಟ್ಟಿಂಗ್ ಎಲ್ಲ.

ಚೆಂಬೂರು ಚುನ್ ಲೀ (ಮುಂಬೈ)

ಇಷ್ಟು ದಿನ ಓದಿಕೊಂಡು ಸುಮ್ನೆ ಇದ್ದೆ. ಇವತ್ತು ನನಗೂ ಒಂದು ಡೌಟು. ನಾನು ಚುನ್ ಲೀ ಆಡುತ್ತೇನೆ. ಅವಳ ಕಿಕೋಕೆನ್ ಎಂಬ ಏಟಿಗೆ ಸ್ವಲ್ಪ ಹೊತ್ತು ಹಿಂದಕ್ಕೆ ಹಿಡಿದಿದ್ದು ಮುಂದಕ್ಕೆ ತಳ್ಳಬೇಕು. ಸ್ಪಿನ್ನಿಂಗ್ ಬರ್ಡ್ ಕಿಕ್‌ಗೆ ಕೆಳಗೆ ಹಿಡಿದಿದ್ದು ಮೇಲಕ್ಕೆ. ಹಿಡಿದುಕೊಂಡೇ ಇರುವ ಆಟಗಾರರಿಗೆ ಟ್ರ್ಯಾಕ್‌ಪ್ಯಾಡ್ ಆಗುತ್ತದಾ? ಮೇಲೆ ಪ್ಯಾಡಲ್‌ಗೆ ಹೋದರೆ ಕಿಕ್ ಹೇಗೆ?

ಮಾಡರ್ನ್ ಕಂಟ್ರೋಲ್ (ಇಂಥ ಸ್ಪೆಷಲ್ ಏಟು ಒಂದೇ ಬಟನ್ನಿಗೆ ಬರುವ ಸೆಟ್ಟಿಂಗ್) ಹಾಕಿಕೋ ಎಂದು ತಮ್ಮ ಹೇಳುತ್ತಾನೆ. ನೋವಿದ್ದವರಿಗೆ ಅದು ಒಳ್ಳೆಯ ದಾರಿಯೇ. ಆದರೆ ಒಂದೇ ಬಟನ್ನಿನಲ್ಲಿ ಹಾಕಿದ ಸ್ಪೆಷಲ್‌ಗೆ ಏಟಿನ ಬಲ 20 ಶೇಕಡಾ ಕಮ್ಮಿ. ನಡೆಯುವುದು, ಬ್ಲಾಕ್ ಮಾಡುವುದು ಹೇಗಿದ್ದರೂ ಬೆರಳಿನ ಕೆಲಸವೇ.

ಮಾಟುಂಗಾ ಮಾಣಿ

ನಿಮಗೋಸ್ಕರ ನಿನ್ನೆ ರಾತ್ರಿ ಚುನ್ ಲೀ ತೆಗೆದು ಆಡಿ ನೋಡಿದೆ. ಕಿಕೋಕೆನ್ ಈ ಪ್ಯಾಡ್‌ನಲ್ಲಿ ತುಂಬಾ ಚೆನ್ನಾಗಿ ಬರುತ್ತದೆ. ಎಡದಿಂದ ಬಲಕ್ಕೆ ಉಜ್ಜಿಕೊಂಡು ಹೋಗಬೇಕಾಗಿಲ್ಲ. ಎಡದಲ್ಲಿ ಇಟ್ಟ ಬೆರಳನ್ನು ಎತ್ತಿ ಬಲದಲ್ಲಿ ಇಡುವುದು. ನಡುವಿನ ದಾರಿಯೇ ಇಲ್ಲ. ಸ್ಪಿನ್ನಿಂಗ್ ಬರ್ಡ್‌ಗೆ ಹೆಬ್ಬೆರಳು ಎತ್ತುವುದು, ಪ್ಯಾಡಲ್ ಒತ್ತುವುದು, ಕಿಕ್ ಒತ್ತುವುದು. ಕೆಳಗಿನದನ್ನು ಬಿಡದೆ ಪ್ಯಾಡಲ್ ಒತ್ತಿದರೆ ನನಗೆ ಬರಲಿಲ್ಲ. ಮೊದಲು ಎತ್ತಬೇಕು. ಅರ್ಧ ಗಂಟೆಯಲ್ಲಿ ಕೈಗೆ ಬಂತು.

ಕಷ್ಟವಾದದ್ದು ಹಿಡಿದುಕೊಂಡೇ ಇರುವುದು, ಅದರಲ್ಲೂ ಕೆಳಗಿನ ಹಿಂದಿನ ಮೂಲೆ. ಅಲ್ಲಿದ್ದರೆ ಎರಡೂ ಏಟು ಚಾರ್ಜ್ ಆಗುತ್ತದೆ (ಹಿಡಿದಿಟ್ಟ ಲೆಕ್ಕಕ್ಕೆ ಬರುತ್ತದೆ), ಬ್ಲಾಕೂ ಆಗುತ್ತದೆ, ಆದ್ದರಿಂದ ಇಡೀ ಆಟ ಅಲ್ಲೇ ಕೂತಿರಬೇಕು. ಆದರೆ ಸಪಾಟಿನ ಮೇಲೆ ಇಟ್ಟ ಬೆರಳು ಗೊತ್ತಿಲ್ಲದ ಹಾಗೆ ಮೆಲ್ಲಗೆ ಮೇಲಕ್ಕೆ ಸರಿಯುತ್ತದೆ. 1 ಹೋಗಿ 4 ಆಗುತ್ತದೆ. ಚುನ್ ಲೀ ಎದ್ದು ನಿಲ್ಲುತ್ತಾಳೆ, ಕಾಲಿಗೆ ಏಟು ಬೀಳುತ್ತದೆ. ರ್‍ಯುನಲ್ಲೂ ನಾನು ಜಾಸ್ತಿ ಸೋಲುತ್ತಿದ್ದದ್ದು ಹೀಗೆಯೇ.

ಇದಕ್ಕೆ ನಾನು ಕಂಡುಕೊಂಡ ಉಪಾಯ ಹೇಳುತ್ತೇನೆ. ಭಾನುವಾರ ಹೆಂಡತಿಯ ಜೊತೆ ಮಾಟುಂಗಾ ಮಾರ್ಕೆಟ್ಟಿಗೆ ಹೋಗಿದ್ದೆ. ಹೂವಿನ ಅಂಗಡಿಗಳ ಪಕ್ಕದಲ್ಲಿ ಟಿಕಲಿ, ಅಂದರೆ ಹಣೆಗೆ ಅಂಟಿಸುವ ಬಿಂದಿಯ, ಪ್ಯಾಕೆಟ್ ನೇತುಹಾಕಿದ್ದರು. ಅವಳು ಯಾವಾಗಲೂ ಇಡುವುದು ಅತಿ ಸಣ್ಣದು, ಮೆರೂನ್ ಬಣ್ಣದ ಮಖಮಲ್ಲಿನದು, ಸಾಸಿವೆಗಿಂತ ಒಂಚೂರು ದೊಡ್ಡದು. ಅದನ್ನು ಬೆರಳಲ್ಲಿ ಮುಟ್ಟಿದ ಕೂಡಲೇ ಹೊಳೆಯಿತು. ಮನೆಗೆ ಬಂದು ಅವಳನ್ನು ಕೇಳಿ ಒಂದು ತೆಗೆದುಕೊಂಡೆ. ಪ್ಯಾಡನ್ನು ಒಣಬಟ್ಟೆಯಲ್ಲಿ ಒರೆಸಿ, ನಡುವಿನಿಂದ ಕೆಳಗಿನ ಎಡ ಮೂಲೆಯ ಕಡೆಗೆ, ನನ್ನ ಸಣ್ಣ ಸುತ್ತಿನ ಅಂಚಿನಲ್ಲಿ ಅಂಟಿಸಿದೆ. ಅಷ್ಟು ತೆಳ್ಳಗಿನ ಬಟ್ಟೆಯ ಮೂಲಕ ಪ್ಯಾಡ್ ಬೆರಳನ್ನು ಎಂದಿನಂತೆ ಗುರುತಿಸುತ್ತದೆ.

ಈಗ ಕಣ್ಣು ಪರದೆಯ ಮೇಲೆ, ಹೆಬ್ಬೆರಳು ಟಿಕಲಿಯ ಮೇಲೆ. ನುಣುಪಿನ ನಡುವೆ ಅದೊಂದೇ ದೊರಗು. ಬೆರಳು ಸರಿದರೆ ಮಖಮಲ್ ತಪ್ಪುತ್ತದೆ, ಕೂಡಲೇ ಗೊತ್ತಾಗುತ್ತದೆ. ಗಟ್ಟಿಯಾಗಿ ಅದುಮುವ ಅಗತ್ಯವೇ ಬೀಳುವುದಿಲ್ಲ. ನಾನು ಬೆರಳನ್ನು ಅದುಮುತ್ತಿದ್ದದ್ದೇ ಎಲ್ಲಿದ್ದೇನೆ ಎಂದು ಗೊತ್ತಾಗದ ಭಯಕ್ಕೆ ಎಂದು ಈಗ ಅನಿಸುತ್ತಿದೆ.

ಡೊಂಬಿವಲಿ ಮಾಮ

ಟಿಕಲಿ! ಎಂಥ ಚಂದದ ಉಪಾಯ ಮಾರಾಯ್ರೆ. ಮನೆಯಲ್ಲಿ ಹೇಳಿದೆ, ನಮ್ಮವಳೂ ಖುಷಿಪಟ್ಟಳು. ಈ ಭಾನುವಾರ ನಿಮ್ಮ ಕಡೆ ಬರುತ್ತೇನೆ, ಒಂದು ಕೈ ನೋಡಿಯೇಬಿಡೋಣ. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನ ಸ್ಟ್ರೀಟ್ ಫೈಟರ್‌ನಲ್ಲಿ ಚಿನ್ನ ಗೆದ್ದ ಕೊರಿಯಾದ ಕಿಮ್ ಗ್ವಾನ್-ವೂಗೆ ಆಗ 44 ವಯಸ್ಸು. ನನಗೇನೂ ಜಾಸ್ತಿಯಾಗಿಲ್ಲ.

ವಾಸ್ಕೋ ಹುಡುಗ

ಅಣ್ಣ, ನಾನೂ ಡೆಕ್‌ಗೆ ಅಂಟಿಸಿದೆ, ಅಮ್ಮನ ಪ್ಯಾಕೆಟ್ಟಿನಿಂದ. ಎಡಗಡೆ ನಿಂತು ಆಡುವಾಗ ಬಹಳ ಚೆನ್ನಾಗಿದೆ. ಆದರೆ ಎದುರಿನವನು ನನ್ನ ತಲೆ ಮೇಲಿಂದ ಹಾರಿ ಆಚೆ ಇಳಿದ ಕೂಡಲೇ ಗೊಂದಲವಾಯಿತು. ಆಗ ಹಿಂದಿನ ಮೂಲೆ 1 ಅಲ್ಲ, 3. ನನ್ನ ಬೆರಳು ಅಭ್ಯಾಸದಿಂದ ಟಿಕಲಿಯ ಮೇಲೇ ಕೂತಿತ್ತು, ಅದು ಈಗ ಮುಂದಿನ ಮೂಲೆ. ಬ್ಲಾಕ್ ಆಗದೆ ಪೂರ್ತಿ ಕಾಂಬೋ (ಸಾಲು ಏಟು) ತಿಂದೆ.

ಬಲಗಡೆಗೂ ಒಂದು ಅಂಟಿಸಿದೆ. ಆದರೆ ಎರಡೂ ಒಂದೇ ಥರ ಇದ್ದದ್ದಕ್ಕೆ ಯಾವುದು ಯಾವುದೆಂದು ತಿಳಿಯಲಿಲ್ಲ. ಈಗ ಎಡಕ್ಕೆ ಮಖಮಲ್ಲಿನದು, ಬಲಕ್ಕೆ ನುಣುಪಾದ ಸಣ್ಣ ಹರಳಿನದು ಹಾಕಿದ್ದೇನೆ. ಮುಟ್ಟಿದರೇ ತಿಳಿಯುತ್ತದೆ. ಹರಳಿನದು ಸ್ವಲ್ಪ ಎತ್ತರ, 236 ಹೊರಳಿಸುವಾಗ ತಡೆಯುತ್ತದೆ. ನಿಮ್ಮ ಪ್ಯಾಡ್ ತಗ್ಗಾಗಿದೆ, ನಿಮಗೆ ಹೇಗೋ ನೋಡಿ ಹೇಳಿ.

ಅಂದಹಾಗೆ 2025ರ ನವೆಂಬರ್‌ನಲ್ಲಿ ವಾಲ್ವ್ ಹೊಸ ಸ್ಟೀಮ್ ಕಂಟ್ರೋಲರ್ ತೋರಿಸಿತು. ಎರಡು ಸ್ಟಿಕ್, ಡಿ-ಪ್ಯಾಡ್ ಜೊತೆಗೆ ಎರಡು ಚೌಕದ ಟ್ರ್ಯಾಕ್‌ಪ್ಯಾಡ್, ಹಿಂದೆ ನಾಲ್ಕು ಬಟನ್. ನಮ್ಮಂಥವರಿಗೆ ಒಳ್ಳೆಯ ಸುದ್ದಿ.

ಮಾಟುಂಗಾ ಮಾಣಿ

ಹರಳಿನದು ನನಗೂ ತಡೆಯಿತು ತಮ್ಮಾ. ಹೆಂಡತಿ ಬೇರೆ ದಾರಿ ತೋರಿಸಿದಳು. ಬಲಗಡೆಗೂ ಮಖಮಲ್ಲಿನದೇ, ಆದರೆ ಒಂದರ ಬದಲು ಎರಡು, ಪಕ್ಕ ಪಕ್ಕದಲ್ಲಿ. ಒಂದು ಚುಕ್ಕಿ ಅಂದರೆ ಎಡ, ಎರಡು ಚುಕ್ಕಿ ಅಂದರೆ ಬಲ. ನಿನ್ನೆ ರಾತ್ರಿ ಅರ್ಧ ಗಂಟೆ ಆಡಿದೆ, ಆಚೆ ಈಚೆ ಹಾರುವವರ ಜೊತೆಗೇ. ಬೆರಳು ಎರಡು ಕಡೆಯೂ ತಾನಾಗಿ ಹೋಗಿ ಕೂರುತ್ತಿದೆ. ಬೆಳಿಗ್ಗೆ ಕಾಫಿ ಲೋಟವನ್ನು ಎಡಗೈಯಲ್ಲಿ ಎತ್ತಿದೆ, ನೋಯಲಿಲ್ಲ.

ಮಾಮ, ಭಾನುವಾರ ಹತ್ತು ಗಂಟೆಗೆ ಬನ್ನಿ. ನಿಮ್ಮ ಲಿವರ್ ತರುವುದು ಮರೆಯಬೇಡಿ. ಮಗಳು ಎದ್ದಿರುತ್ತಾಳೆ, ಸದ್ದಾದರೂ ಅಡ್ಡಿಯಿಲ್ಲ.